ಬೆನ್ನಿಗೊಂದು ಆಸರೆ

ಪ್ರವಾಸ ಕಥನಗಳನ್ನು ಬರೆಯುವವರು ಕಣ್ಣು ಕಂಡುದನ್ನು ಬರೆಯುತ್ತಾರೆ, ಕಿವಿ ಕೇಳಿದುದನ್ನು ಬರೆಯುತ್ತಾರೆ, ನಾಲಗೆ ಸವಿದುದನ್ನೂ ಮರೆಯದೆ ಬರೆಯುತ್ತಾರೆ. ಈ ಕಣ್ಣು ಕಿವಿ ನಾಲಗೆಗಳನ್ನೆಲ್ಲ ಊರಿಂದೂರಿಗೆ ಹೊತ್ತು ತರುವ ಬೆನ್ನಿನ ವಿಷಯವನ್ನು ಬರೆದವರು ವಿರಳ. ದಾರಿಯ ನಿಜವಾದ ಏರುತಗ್ಗುಗಳನ್ನು ಮೊದಲು ಅರಿಯುವುದು ಬೆನ್ನು. ದೂರವನ್ನು ಅಳೆಯುವುದೂ ಬೆನ್ನೇ. ಆದುದರಿಂದ ಈ ಸಲ ಒಂದು ದಾರಿಯ ವೃತ್ತಾಂತವನ್ನು ಬೆನ್ನಿನ ಕಡೆಯಿಂದ ನೋಡಿ ಓದುಗ ಬಂಧುಗಳಿಗೆ ನಿವೇದಿಸಬೇಕೆಂದಿದ್ದೇವೆ.

ಹುಬ್ಬಳ್ಳಿಯಿಂದ ಹೊರಟು ನವಲಗುಂದ, ನರಗುಂದ, ಕುಳಗೇರಿ ಕ್ರಾಸ್, ಕೆರೂರು, ಕೋಲ್ಹಾರಗಳನ್ನು ಹಾದು ವಿಜಯಪುರವನ್ನು ಮುಟ್ಟುವ ದಾರಿ ಹತ್ತಿರ ಹತ್ತಿರ 200 ಕಿಲೋಮೀಟರು. ಹಿಂದೆ 218 ಎಂಬ ಸಂಖ್ಯೆಯಿದ್ದ ಈ ರಾಷ್ಟ್ರೀಯ ಹೆದ್ದಾರಿಗೆ ಈಗ 52 ಎಂಬ ಸಂಖ್ಯೆ. ಮಲಪ್ರಭೆ, ಘಟಪ್ರಭೆ, ಕೃಷ್ಣೆ ಎಂಬ ಮೂರು ನದಿಗಳನ್ನು ಒಂದೇ ದಿನದಲ್ಲಿ ದಾಟಿಸುವ ದಾರಿಯಿದು. ಉಪನ್ಯಾಸಗಳಿಗೆಂದು, ಓಲೆಗರಿಯ ಕಟ್ಟುಗಳನ್ನು ನೋಡಲೆಂದು ನಾಲ್ಕು ದಶಕಗಳಿಂದ ಇಲ್ಲಿ ಬಸ್ಸಿನಲ್ಲಿ ಓಡಾಡಿದ್ದೇವೆ. 2025ರ ಜನವರಿಯ ಮಾಗಿ ಚಳಿಯಲ್ಲಿ ಮಾತ್ರ ಇದೇ ದಾರಿಯನ್ನು ಮೋಟಾರು ಸೈಕಲ್ಲಿನ ಹಿಂದಿನ ಆಸನದಲ್ಲಿ ಕುಳಿತು ಕ್ರಮಿಸುವ ಪ್ರಸಂಗ ಒದಗಿತು. ನಮ್ಮ ಮುಂದೆ ಗೇಣು ದೂರದಲ್ಲಿ ಸೋದರಳಿಯನ ಬೆನ್ನು. ಆ ಬೆನ್ನಿಗೂ ನಮಗೂ ನಡುವೆ ಕರಿಯ ರೆಕ್ಸಿನ್ ಹೊದಿಸಿದ ಒಂದು ಸಣ್ಣ ಒರಗುದಿಂಬು. ಆ ಒರಗುದಿಂಬಿನ ಸಲುವಾಗಿಯೇ ಈ ಲೇಖನ.

ಹೊತ್ತವನಿಗೆ ಆಸರೆಯಿಲ್ಲ

ನಮ್ಮ ಸೋದರಳಿಯನಿಗೆ ಈಗ ನಲವತ್ತಾರು ವರ್ಷ. ಬಿತ್ತನೆ ಬೀಜದ ವ್ಯಾಪಾರದಲ್ಲಿ ಊರೂರು ತಿರುಗುವುದೇ ಅವನ ಉದ್ಯೋಗ. ಬಿತ್ತಿಗೆಗೆ ಮೊದಲು ಬೀಜ ಒಪ್ಪಿಸಬೇಕು, ಬಿತ್ತಿದ ಮೇಲೆ ಬೆಳೆ ನೋಡಬೇಕು, ಸುಗ್ಗಿಯಾದ ಮೇಲೆ ಬಾಕಿ ಕೇಳಬೇಕು. ದಿನಕ್ಕೆ ನೂರು ಕಿಲೋಮೀಟರಿಗೆ ಕಡಿಮೆಯಿಲ್ಲದ ತಿರುಗಾಟ. ಎರಡು ವರ್ಷಗಳಿಂದ ಅವನ ಟೊಂಕ ಹಿಡಿದುಕೊಂಡಿತ್ತು. ವೈದ್ಯರು ಪರೀಕ್ಷಿಸಿ, ನರ ಒತ್ತಿಲ್ಲ, ಎಲುಬು ಸವೆದಿಲ್ಲ, ಸೊಂಟದ ಸ್ನಾಯುಗಳು ದಣಿದಿವೆ ಎಂದರು. ಕೂಡುವ ಭಂಗಿ ತಿದ್ದಿಕೊಳ್ಳಬೇಕು, ವ್ಯಾಯಾಮ ಮಾಡಬೇಕು, ದೂರದ ಸವಾರಿಯಲ್ಲಿ ನಡುನಡುವೆ ಇಳಿಯಬೇಕು ಎಂದು ಹೇಳಿ ಕಳುಹಿಸಿದರು.

ಮನೆಯಲ್ಲಿ ಎರಡು ಅಭಿಪ್ರಾಯಗಳಾದವು. ಗಾಡಿಯನ್ನು ಮಾರಿ, ಬಂಧುವೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಲಿ ಎಂಬುದು ಹಿರಿಯರ ಮಾತು. ಅಲ್ಲಿ ಸಿಗುವ ಸಂಬಳ ಈಗಿನ ದುಡಿಮೆಯ ಅರ್ಧಕ್ಕೆ ತುಸು ಮೇಲೆ. ಮಗಳು ಕಾಲೇಜಿಗೆ ಸೇರಿದ್ದಾಳೆ, ಮನೆಯ ಸಾಲ ಇನ್ನೂ ತೀರಿಲ್ಲ. "ಗಾಡಿ ಬಿಟ್ಟರ ಮನಿ ಹೆಂಗ ನಡೀಬೇಕು ಮಾಮಾ?" ಎಂದು ಅವನು ನಮ್ಮನ್ನೇ ಕೇಳಿದ. ಅವನ ಹೆಂಡತಿ ನೀರಿನ ಚರಿಗೆಯನ್ನು ಮುಂದಿಟ್ಟು, "ಮಾಮಾರ, ಇವರು ಬ್ಯಾನಿ ಆದರೂ ಬಾಯಿ ಬಿಟ್ಟು ಹೇಳಂಗಿಲ್ಲ. ವಿಜಯಪುರಕ್ಕ ನೀವೂ ಹೊಂಟೀರಿ, ಇವರೂ ಹೊಂಟಾರ. ಹಿಂದ ಕುಂತು ನೀವ ನೋಡಿ ಬಂದು ಹೇಳ್ರಿ. ನೀವು ಹೇಳಿದ್ದ ಖರೇ ಅಂತ ತಿಳೀತೀನಿ," ಎಂದಳು. ಹೀಗೆ ನಾವು ಪ್ರವಾಸಿಗರಾಗುವುದರ ಜೊತೆಗೆ ಸಾಕ್ಷಿಯೂ ಆದೆವು.

ಅವನ ಗಾಡಿ ಕಾಲುಗಳನ್ನು ತುಸು ಮುಂದಕ್ಕೆ ಚಾಚಿ ಕೂಡುವ ಮಾದರಿಯದು. ನಮ್ಮ ಯೌವನದ ಕಾಲದ ಗಾಡಿಗಳ ರೀತಿ ಬೇರೆಯಾಗಿತ್ತು. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಲ್ಲಾಗಲಿ, 1955ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಎನ್‌ಫೀಲ್ಡಿನ ಬುಲೆಟ್ಟಿನಲ್ಲಾಗಲಿ ಸವಾರನು ನೆಟ್ಟಗೆ ಕೂಡುತ್ತಿದ್ದನು. ಪಾದಗಳು ಹೆಚ್ಚುಕಡಿಮೆ ಅವನ ಕೆಳಗೇ ಇರುತ್ತಿದ್ದವು. ತಗ್ಗು ಬಂದಾಗ ತೊಡೆಗಳ ಮೇಲೆ ಭಾರ ಹೊತ್ತು ಆಸನದಿಂದ ತುಸು ಏಳಲು ಅವನಿಗೆ ಬರುತ್ತಿತ್ತು. ಪಾದ ಮುಂದಕ್ಕೆ ಹೋದರೆ ಆ ಅನುಕೂಲ ಹೋಗುತ್ತದೆ. ಮೈಯ ಭಾರವೆಲ್ಲ ಬಾಲದೆಲುಬಿನ ಹತ್ತಿರ ಇಳಿಯುತ್ತದೆ, ಸೊಂಟ ಹಿಂದಕ್ಕೆ ಉರುಳುತ್ತದೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಎದೆಗೆ ಬಡಿಯುವ ಗಾಳಿಯನ್ನು ತಡೆಯುವ ಕೆಲಸ ಹ್ಯಾಂಡಲ್ಲು ಹಿಡಿದ ತೋಳುಗಳ ಪಾಲಿಗೆ ಬರುತ್ತದೆ. ಅರ್ಧ ಗಂಟೆಯವರೆಗೆ ಇದು ಸಿಂಹಾಸನವೆಂದೇ ತೋರುವುದು. ಎರಡು ಗಂಟೆಯಾದ ಮೇಲೆ ಬೇರೆ ಮಾತು.

ಇದರಲ್ಲಿ ಇನ್ನೊಂದು ವಿಚಿತ್ರವನ್ನು ನಾವು ಕಂಡೆವು. ಹಿಂದೆ ಕೂಡುವವರು ಬೀಳಬಾರದೆಂದು ಅವರ ಬೆನ್ನಿಗೆ ಈ ಗಾಡಿಯಲ್ಲಿ ಮೊದಲಿನಿಂದಲೂ ಒಂದು ದಿಂಬು ಇತ್ತು. ಗಾಡಿ ನಡೆಸುವವನಿಗೆ ಇರಲಿಲ್ಲ. ಕುಳಿತು ಹೋಗುವವನಿಗೆ ಆಸರೆಯುಂಟು, ಹೊತ್ತು ಒಯ್ಯುವವನಿಗಿಲ್ಲ!

ಸೀಟು ಹೊಲಿಯುವವನ ಅಂಗಡಿಯಲ್ಲಿ

ಹೊರಡುವುದಕ್ಕೆ ನಾಲ್ಕು ದಿನ ಮೊದಲು ಹುಬ್ಬಳ್ಳಿಯ ಒಂದು ಸಂದಿಯಲ್ಲಿರುವ ಸೀಟು ಹೊಲಿಯುವ ಅಂಗಡಿಗೆ ಹೋದೆವು. ಎಂಟು ಅಡಿ ಅಗಲದ ಅಂಗಡಿ. ಮೂಲೆಯಲ್ಲಿ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ರೆಕ್ಸಿನ್ನಿನ ಸುರುಳಿಗಳು, ನೆಲದ ತುಂಬ ಫೋಮಿನ ಚೂರುಗಳು. ಅಂಗಡಿಯವನು ಅಳತೆಪಟ್ಟಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಅಳಿಯನನ್ನು ಗಾಡಿಯ ಮೇಲೆ ಕುಳ್ಳಿರಿಸಿ, ಹ್ಯಾಂಡಲ್ ಹಿಡಿಸಿ, ಐದು ನಿಮಿಷ ಸುಮ್ಮನೆ ನೋಡುತ್ತ ನಿಂತ. ಅಮೇಲೆ ಬೆಲ್ಟಿನ ಮೇಲ್ಗಡೆ, ಬೆನ್ನು ಒಳಗೆ ಸರಿದಿರುವ ಎಡೆಯನ್ನು ಎರಡು ಬೆರಳಿನಿಂದ ಒತ್ತಿ, "ಇಲ್ಲಿ ಕುಂಡ್ರಬೇಕ್ರಿ ಗುರುಗಳ. ಮ್ಯಾಲ ಕುಂತರ ಬೆನ್ನು ಮುಂದಕ್ಕ ದೂಡ್ತದ, ಕೆಳಗ ಕುಂತರ ಕುಂಡಿ ಮುಂದಕ್ಕ ಜಾರಸ್ತದ. ಎರಡೂ ಬ್ಯಾನೀನ," ಎಂದ. ವೈದ್ಯಶಾಸ್ತ್ರವನ್ನು ಓದದ ಅವನ ಬೆರಳು ಸರಿಯಾದ ಸ್ಥಾನವನ್ನೇ ಮುಟ್ಟಿತ್ತು.

ನಿಂತಾಗ ಸೊಂಟದ ಬಳಿ ಬೆನ್ನೆಲುಬು ಒಳಮುಖವಾಗಿ ಬಾಗಿರುತ್ತದೆ. ಆಸರೆಯಿಲ್ಲದೆ ಕುಳಿತಾಗ ಆ ಬಾಗು ಕ್ರಮೇಣ ಚಪ್ಪಟೆಯಾಗಿ, ಎಲುಬಿನ ಮಣಿಗಳ ನಡುವಣ ಮೆತ್ತನೆಯ ಬಿಲ್ಲೆಗಳ ಮೇಲೆ ಒತ್ತಡ ಏರುತ್ತದೆ. ಸ್ವೀಡನ್ ದೇಶದ ವೈದ್ಯ ಆಲ್ಫ್ ನಾಕೆಮ್ಸನ್ ಮತ್ತು ಅವರ ಸಂಗಡಿಗರು 1960 ಹಾಗೂ 1970ರ ದಶಕಗಳಲ್ಲಿ ಈ ಒತ್ತಡವನ್ನು ಜೀವಂತ ಮನುಷ್ಯರಲ್ಲಿಯೇ ಅಳೆದು ನೋಡಿದರು. ಬೆನ್ನಿನ ಕೆಳಭಾಗಕ್ಕೆ ಆಸರೆ ಕೊಟ್ಟು ತುಸು ಹಿಂದಕ್ಕೆ ಒರಗಿದರೆ ಒತ್ತಡ ಇಳಿಯುವುದನ್ನು ಅವರು ಕಂಡರು. ಕುರ್ಚಿಗಳನ್ನು ರೂಪಿಸುವವರು ಈ ತಿಳಿವಳಿಕೆಯನ್ನು ಎಂದೋ ಬಳಸಿಕೊಂಡಿದ್ದಾರೆ. ಮೋಟಾರು ಸೈಕಲ್ಲಿನ ಆಸನಕ್ಕೆ ಅದು ತಡವಾಗಿ ಬರುತ್ತಿದೆ.

ಅಂಗಡಿಯವನು ಮಾಡಿದ ಕೆಲಸವನ್ನು ತುಸು ವಿವರವಾಗಿಯೇ ಹೇಳುತ್ತೇವೆ. ಮನೆಯಲ್ಲಿ ಗಾಡಿ ಇರುವವರಿಗೆ ಉಪಯೋಗವಾದೀತು. ಮೊದಲು ಆಸನವನ್ನು ಬಿಚ್ಚಿ ಅದರ ತಳವನ್ನು ನೋಡಿದ. ತಳ ಪ್ಲಾಸ್ಟಿಕ್ಕಿನದು. ಅದಕ್ಕೆ ತೂತು ಕೊರೆದು ಒರಗುದಿಂಬನ್ನು ಕೂಡಿಸಿದರೆ ಮೈಭಾರ ಬಿದ್ದಾಗ ತಳ ಸೀಳುತ್ತದೆ. ಆದುದರಿಂದ ಹಿಂದಿನ ಹಿಡಿಕೆಯ ಬೋಲ್ಟುಗಳು ಗಾಡಿಯ ಚೌಕಟ್ಟನ್ನು ಕಚ್ಚುವ ಜಾಗದಲ್ಲಿಯೇ ದಪ್ಪ ಕಬ್ಬಿಣದ ಪಟ್ಟಿಯನ್ನು ಸೇರಿಸಿ, ಮುಂದಿನ ಆಸನಕ್ಕೂ ಹಿಂದಿನ ಆಸನಕ್ಕೂ ನಡುವಿನ ಮೆಟ್ಟಿಲಿನಂಥ ಎಡೆಯಿಂದ ಅದನ್ನು ಮೇಲಕ್ಕೆ ತಂದ. ಚೌಕಟ್ಟನ್ನು ಕೊಯ್ಯಲಿಲ್ಲ, ಅದಕ್ಕೆ ಏನನ್ನೂ ಬೆಸೆಯಲಿಲ್ಲ. ಬೇಡವಾದಾಗ ಎಲ್ಲವನ್ನೂ ಬಿಚ್ಚಿ ತೆಗೆಯಬಹುದು. ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ ಎಂಬುದನ್ನು ಬಲ್ಲವರು ಈ ಎಚ್ಚರವನ್ನು ಮೆಚ್ಚುತ್ತಾರೆ. ಹಿಂದೆ ಕೂಡುವವರ ಹಿಡಿಕೆಯೂ ಸೀರೆಯ ಸೆರಗು ಚಕ್ರಕ್ಕೆ ಸಿಗದಂತೆ ಕಾಯುವ ಜಾಲರಿಯೂ ಇದ್ದ ಹಾಗೆಯೇ ಉಳಿದವು.

ಪಟ್ಟಿಯ ತುದಿಯಲ್ಲಿ ಒಂದು ಮಡಿಕೆಯ ಕೀಲು. ಹಿಂದೆ ಕೂಡುವವರು ಏರುವಾಗ ದಿಂಬನ್ನು ಮುಂದಕ್ಕೆ ಮಲಗಿಸಬಹುದು. ಇದು ಚಿಕ್ಕ ಮಾತಲ್ಲ: ಮಡಿಸಲು ಬಾರದ ಒರಗುದಿಂಬು ಹಿಂದೆ ಕುಳಿತವರ ಎದೆಗೆ ಗುದ್ದುತ್ತದೆ, ಕಾಲೆತ್ತಿ ದಾಟುವ ಸವಾರನನ್ನೂ ಎಡವಿಸುತ್ತದೆ. ಪಟ್ಟಿಯಲ್ಲಿ ಒಂದರ ಕೆಳಗೊಂದು ನಾಲ್ಕು ತೂತುಗಳು, ಎತ್ತರವನ್ನು ಹೊಂದಿಸಲು. ದಿಂಬಿನ ಅಗಲ ಒಂದು ಅಡಿಗೆ ಕಡಿಮೆ, ಎತ್ತರ ಒಂದು ಗೇಣು. ಭುಜದೆಲುಬಿನ ಕೆಳಗೇ ಅದು ಮುಗಿಯಬೇಕು, ಇಲ್ಲವಾದರೆ ತಿರುಗಿ ಹಿಂದೆ ನೋಡಲಾಗದು. ಒಳಗೆ ಮೊದಲು ಗಟ್ಟಿ ಫೋಮು, ಅದರ ಮೇಲೆ ಮೆತ್ತನೆಯದು. ಬರಿಯ ಮೆತ್ತನೆಯದಾದರೆ ಆರು ತಿಂಗಳಲ್ಲಿ ಕುಸಿದು ಒಳಗಿನ ಕಬ್ಬಿಣ ಬೆನ್ನಿಗೆ ಹತ್ತುತ್ತದೆ ಎಂದ. ಹೊಲಿಗೆಯನ್ನು ಮೇಲಂಚಿನಲ್ಲಿ ಹಾಕದೆ ಕೆಳಗಡೆ ಹಾಕಿದ, ಮಳೆಯ ನೀರು ಒಳಗಿಳಿಯದಿರಲೆಂದು. ಹಿಂಬದಿಗೂ ಫೋಮನ್ನು ಹೊದಿಸಿ, "ಹಿಂದ ಕುಂತವರ ಎದಿನೂ ಎದೀನ ಅಲ್ರಿ," ಎಂದು ನಕ್ಕ.

ಕೊನೆಗೆ ಅಳಿಯನನ್ನು ಮತ್ತೆ ಕುಳ್ಳಿರಿಸಿ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿದ. ಮೊಣಕೈ ತುಸು ಬಾಗಿಯೇ ಇರಬೇಕು, ಪಾದ ಬ್ರೇಕಿಗೆ ಸಲೀಸಾಗಿ ಎಟುಕಬೇಕು. ನೆಟ್ಟಗೆ ಕುಳಿತಾಗ ದಿಂಬು ಬೆನ್ನನ್ನು ಸೋಕಬೇಕಲ್ಲದೆ ದೂಡಬಾರದು. ಹಣ ಎಣಿಸಿಕೊಂಡ ಮೇಲೆ ಒಂದು ಪಾನವನ್ನೂ ನಮ್ಮ ಕೈಗಿತ್ತ. "ಇದನ್ನ ಚೀಲದಾಗ ಇಟಗೊಳ್ರಿ. ಅಂಗಡ್ಯಾಗ ಎಲ್ಲಾ ಸರಿ ಅನಸ್ತದ. ಐವತ್ತು ಕಿಲೋಮೀಟರ್ ಆದ ಮ್ಯಾಲ ಬೆನ್ನು ತನ್ನ ಖರೇ ಹೇಳ್ತದ."

ಒರಗುವುದು ಸೋಲಲ್ಲ

ಅಳಿಯನಿಗೆ ಬೇರೊಂದು ಸಂಕೋಚವಿತ್ತು. ಅವನ ಜೊತೆಗಾರರು ಇದನ್ನು ನೋಡಿ "ಮುದುಕರ ಕುರ್ಚಿ" ಎಂದು ನಗೆಯಾಡಿದ್ದರಂತೆ. ಈ ನಗೆ ಹೊಸತಲ್ಲ. ದೂರದೂರದ ಹೆದ್ದಾರಿಗಳ ಅಮೆರಿಕದಲ್ಲಿ ಮೋಟಾರು ಸೈಕಲ್ಲಿನ ಹಿಂದೆ ಕೂಡುವವರ ಬೆನ್ನಿಗೆ ಕಬ್ಬಿಣದ ಕಮಾನು ಕಟ್ಟುವ ರೂಢಿ ಬಂದಾಗ ಅಲ್ಲಿನ ಜನ ಅದಕ್ಕಿಟ್ಟ ಹೆಸರು 'ಸಿಸ್ಸಿ ಬಾರ್'. ಎಂದರೆ ಪುಕ್ಕಲರ ಸರಳು. ಮುಂದೆ 1969ರ 'ಈಜಿ ರೈಡರ್' ಚಲನಚಿತ್ರದಲ್ಲಿ ನಾಯಕನ ಗಾಡಿಗೇ ಎತ್ತರದ ಅಂಥ ಕಮಾನು ಬಂದಿತು. ಹಾಸ್ಯದ ವಸ್ತು ಶೋಕಿಯ ವಸ್ತುವಾಯಿತು. ಹೆಸರು ಮಾತ್ರ ಇಂದಿಗೂ ಅದೇ. ಆ ದೇಶದಲ್ಲಿ ಇಂದು ದೂರ ಸವಾರಿಯ ದೊಡ್ಡ ಗಾಡಿಗಳ ಸವಾರರು ತಮ್ಮ ಬೆನ್ನಿಗೂ ಒರಗುದಿಂಬು ಹಾಕಿಸಿಕೊಳ್ಳುವುದು ಸಾಮಾನ್ಯ; ಅದನ್ನು ಯಾರೂ ಹೀನಾಯವೆಂದು ಬಗೆಯುವುದಿಲ್ಲ.

ನಮ್ಮಲ್ಲಿಯೂ ಆಸರೆ ಹೊಸತೇನಲ್ಲ. ಕುದುರೆಯ ಜೀನಿನ ಹಿಂಬದಿ ಎತ್ತರವಾಗಿರುವುದು ಸವಾರನು ಹಿಂದಕ್ಕೆ ಜಾರದಿರಲೆಂದು. ಕೊಲ್ಲಾರಿ ಬಂಡಿಯಲ್ಲಿ ಹಿರಿಯರು ಹೊರಟರೆ ಹುಲ್ಲಿನ ಮೇಲೆ ಗಾದಿ ಹಾಸಿ ಬೆನ್ನಿಗೆ ಲೋಡು ಇಡುತ್ತಿದ್ದುದನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ಜಪಕ್ಕೆ ಕುಳಿತವರ ತೋಳಿಗೆ ಯೋಗದಂಡವಿತ್ತು. ಮೊಣಕಾಲನ್ನೂ ಬೆನ್ನನ್ನೂ ಸುತ್ತಿ ಬಿಗಿಯುವ ಯೋಗಪಟ್ಟವಿತ್ತು. ಹಂಪಿಯಲ್ಲಿ 1528ರಲ್ಲಿ ಕೃಷ್ಣದೇವರಾಯನು ಮಾಡಿಸಿದ ನರಸಿಂಹನ ಮಹಾಮೂರ್ತಿಯನ್ನು ನೋಡಿದವರು ಮೊಣಕಾಲುಗಳ ನಡುವಣ ಆ ಪಟ್ಟವನ್ನು ಗಮನಿಸಿರಬಹುದು. ಸಿಂಹಮುಖದ ದೇವರಿಗೂ ಆಸರೆಯನ್ನು ಕೊಟ್ಟ ಶಿಲ್ಪಿ ಅದರಿಂದ ದೇವರ ಪೌರುಷ ಕುಂದಿತೆಂದು ಎಣಿಸಲಿಲ್ಲ. ಪತಂಜಲಿಯ ಯೋಗಸೂತ್ರವು ಆಸನದ ಲಕ್ಷಣವನ್ನು ಹೇಳುವಾಗ ಸ್ಥಿರತೆಯನ್ನೂ ಸುಖವನ್ನೂ ಒಟ್ಟಿಗೆ ಹೇಳಿದೆ. ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಂಡಿಲ್ಲ.

ಹಾಗೆಂದು ಸದಾ ಒರಗಿರುವುದೂ ಸಲ್ಲದು. ಮಠದಲ್ಲಿ ನಾವು ಪಾಠಕ್ಕೆ ಕುಳಿತಾಗ ಯಾರಾದರೂ ಗೋಡೆಗೆ ಬೆನ್ನು ಕೊಟ್ಟರೆ ಗುರುಗಳು ಗದರುತ್ತಿದ್ದರು. ಅದೇ ಗುರುಗಳು, ಜ್ವರದಿಂದ ಎದ್ದ ಸಹಪಾಠಿಯೊಬ್ಬನಿಗೆ ತಮ್ಮ ಲೋಡನ್ನೇ ಕಳುಹಿಸಿಕೊಟ್ಟದ್ದನ್ನೂ ನಾವು ಕಂಡಿದ್ದೇವೆ. ಸೋಮಾರಿತನಕ್ಕೆ ಕೊಡುವ ಆಸರೆ ಬೇರೆ, ದುಡಿಮೆಗೆ ಕೊಡುವ ಆಸರೆ ಬೇರೆ. ಈ ಮಾತನ್ನು ಹೇಳಿ ಅಳಿಯನ ಸಂಕೋಚವನ್ನು ಕಳೆದೆವು.

ಕಪ್ಪು ನೆಲದ ದಾರಿ

ಹುಬ್ಬಳ್ಳಿಯ ಸದ್ದುಗದ್ದಲ ಹಿಂದಾದೊಡನೆ ಎರಡೂ ಕಡೆ ಎರೆಭೂಮಿ ತೆರೆದುಕೊಳ್ಳುತ್ತದೆ. ಜನವರಿಯಲ್ಲಿ ಈ ಸೀಮೆಯ ಚೆಲುವು ನೋಡತಕ್ಕದ್ದು. ಹಿಂಗಾರಿ ಜೋಳ ತೆನೆ ಹೊತ್ತು ನಿಂತಿರುತ್ತದೆ, ಕಡಲೆ ಕಾಯಿಗಟ್ಟಿರುತ್ತದೆ, ನಡುನಡುವೆ ಕುಸುಬೆಯ ಸಾಲುಗಳು. ಮಂಜು ಕರಗುವ ಹೊತ್ತಿಗೆ ನಾವು ಬೆಣ್ಣಿಹಳ್ಳದ ಸೀಮೆಯಲ್ಲಿದ್ದೆವು. ಬೇಸಿಗೆಯಲ್ಲಿ ಬತ್ತಿ ಮಲಗುವ ಈ ಹಳ್ಳ ಮಳೆಗಾಲದಲ್ಲಿ ಹೊಲಗಳನ್ನೇ ನುಂಗಿ ಹರಿದು ಮಲಪ್ರಭೆಯನ್ನು ಸೇರುತ್ತದೆ.

ಎರೆಮಣ್ಣು ರೈತನಿಗೆ ತಾಯಿ, ರಸ್ತೆಗೆ ಮಾತ್ರ ಮಲತಾಯಿ. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿದು ಕುಗ್ಗುತ್ತದೆ. ಮೇಲೆ ಎಷ್ಟೇ ಡಾಂಬರು ಹಾಸಿದರೂ ಕೆಳಗಿನ ಮಣ್ಣು ವರ್ಷಕ್ಕೊಮ್ಮೆ ಉಸಿರಾಡಿದಂತೆ ಏರಿಳಿಯುತ್ತದೆ. ಆದುದರಿಂದಲೇ ಇಂಥ ಮಣ್ಣಿನ ಮೇಲೆ ರಸ್ತೆ ಕಟ್ಟುವವರು ಕೆಳಗೆ ಗರಸು ತುಂಬುತ್ತಾರೆ, ಸುಣ್ಣ ಬೆರೆಸಿ ಮಣ್ಣಿನ ಗುಣವನ್ನು ತಿದ್ದುತ್ತಾರೆ. ಅಷ್ಟಾದರೂ ಕಣ್ಣಿಗೆ ಸಪಾಟಾಗಿ ಕಾಣುವ ದಾರಿ ಚಕ್ರಕ್ಕೆ ಅಲೆಅಲೆಯಾಗಿ ಸಿಗುವುದುಂಟು. ಬಸ್ಸಿನಲ್ಲಿ ಕುಳಿತವನಿಗೆ ಇದು ತೊಟ್ಟಿಲು. ಮೋಟಾರು ಸೈಕಲ್ಲಿನವನ ಬೆನ್ನೆಲುಬಿಗೆ ಎಣಿಕೆಯಿಲ್ಲದ ಸಣ್ಣ ಪೆಟ್ಟುಗಳು. ಕುಳಿತ ಮನುಷ್ಯನ ಮೈ ಸೆಕೆಂಡಿಗೆ 4ರಿಂದ 8 ಸಲದ ಮೇಲುಕೆಳಗಿನ ಕುಲುಕಾಟಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಸ್ಪಂದಿಸುತ್ತದೆಂದು ಬಲ್ಲವರು ಹೇಳುತ್ತಾರೆ. ಒರಗುದಿಂಬು ಈ ಕುಲುಕಾಟವನ್ನು ತಡೆಯಲಾರದು ಎಂಬುದನ್ನು ಓದುಗರು ಗಮನಿಸಬೇಕು. ಅದು ಬೆನ್ನಿನ ಬಾಗನ್ನು ಕಾಯುತ್ತದೆ, ಗಾಳಿಯನ್ನು ತಡೆಯುವ ತೋಳುಗಳ ಶ್ರಮವನ್ನು ಹಂಚಿಕೊಳ್ಳುತ್ತದೆ. ತಗ್ಗಿನ ಪೆಟ್ಟಿಗೆ ಮದ್ದು ವೇಗ ತಗ್ಗಿಸುವುದೊಂದೇ. ರಸ್ತೆಯ ಉಬ್ಬು ಕಂಡಾಗಲೆಲ್ಲ ಅಳಿಯ ವೇಗವನ್ನಿಳಿಸಿ, ಬೆನ್ನನ್ನು ದಿಂಬಿನಿಂದ ಎರಡು ಬೆರಳು ಮುಂದಕ್ಕೆ ತಂದು, ದಾಟಿದ ಮೇಲೆ ಮತ್ತೆ ಒರಗುವುದನ್ನು ಹಿಂದಿನಿಂದ ನೋಡಿದೆವು. ಇದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಬೆನ್ನು ತಾನೇ ಕಲಿತಿತ್ತು.

ನವಲಗುಂದದಲ್ಲಿ ಇಳಿದು ಚಹಾ ಕುಡಿದೆವು. ಈ ಊರು ಜಮಖಾನಕ್ಕೆ ಹೆಸರಾದುದು. ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹೆಣ್ಣುಮಕ್ಕಳು ನೇಯುವ, ನವಿಲಿನ ಚಿತ್ತಾರದ ಈ ಹಾಸುಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರಕಿದೆ. ನಾಡಿಗೆಲ್ಲ ಕೂಡಲು ಹಾಸು ನೇಯುವ ಆ ತಾಯಂದಿರು ದಿನವಿಡೀ ಬೆನ್ನಿಗೆ ಏನೂ ಇಲ್ಲದೆ ಮಗ್ಗದ ಮುಂದೆ ಕುಳಿತಿರುತ್ತಾರೆಂಬುದು ಹಿಂದಿನ ಭೇಟಿಗಳಲ್ಲಿ ನಮಗೆ ಹೊಳೆದಿರಲಿಲ್ಲ; ಈ ಸಲ ಹೊಳೆಯಿತು.

ಸಾಮಾನ್ಯವಾಗಿ ನವಲಗುಂದ ಬರುವಷ್ಟರಲ್ಲಿ ಅಳಿಯನ ಎಡಗೈ ಟೊಂಕಕ್ಕೆ ಹೋಗುತ್ತದೆಂದು ಅವನ ಹೆಂಡತಿ ನಮಗೆ ಗುರುತು ಹೇಳಿದ್ದಳು. ಆ ದಿನ ಹೋಗಲಿಲ್ಲ. ನರಗುಂದದ ಗುಡ್ಡ ಕಾಣಿಸಿದ ಮೇಲೆ ಒಂದು ಸಲ ಹೋಯಿತು. ಊರು ದಾಟಿದ ಮೇಲೆ ಇನ್ನೊಂದು ಸಲ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಬಾಬಾಸಾಹೇಬನ ಊರದು. 1980ರಲ್ಲಿ ಮಲಪ್ರಭೆಯ ರೈತರು ಸಿಡಿದೆದ್ದ ನೆಲವೂ ಅದೇ. ಬಾಗದ ಬೆನ್ನಿನವರ ಆ ಊರನ್ನು ದಾಟುತ್ತಿರುವಾಗ ನಮ್ಮ ಮುಂದಿನ ಬೆನ್ನು ಬಾಗತೊಡಗಿದ್ದನ್ನು ಕಂಡು ನಮಗೆ ಕಳವಳವಾಯಿತು.

ಕೊಣ್ಣೂರಿನ ಬಳಿ ಗಾಡಿಯನ್ನು ನಿಲ್ಲಿಸಿದೆವು. 2019ರ ಆಗಸ್ಟಿನ ನೆರೆಯಲ್ಲಿ ಮಲಪ್ರಭೆ ಇಲ್ಲಿ ಹೆದ್ದಾರಿಯ ಸಂಚಾರವನ್ನೇ ನಿಲ್ಲಿಸಿದ್ದಳು. ಈಗ ಸದ್ದಿಲ್ಲದೆ ಹರಿಯುತ್ತಿದ್ದಳು. ಅಳಿಯನನ್ನು ಗಾಡಿಯ ಮೇಲೆ ಕುಳ್ಳಿರಿಸಿ ಹಿಂದಿನಿಂದ ನೋಡಿದೆವು. ಚಳಿಗೆಂದು ಅವನು ತೊಟ್ಟ ದಪ್ಪ ಜಾಕೀಟು ಸೊಂಟದ ಹತ್ತಿರ ಮುದುಡಿ, ದಿಂಬಿನ ಮೇಲಂಚು ಬೆನ್ನಿನ ನಡುವಿಗೆ ಒತ್ತುತ್ತಿತ್ತು. ಅಂಗಡಿಯವನು ಕೊಟ್ಟ ಪಾನ ಚೀಲದಿಂದ ಹೊರಬಂದಿತು. ದಿಂಬನ್ನು ಒಂದು ತೂತಿನಷ್ಟು ಕೆಳಗಿಳಿಸಿ, ಜಾಕೀಟನ್ನು ಎಳೆದು ಸರಿಪಡಿಸಿ, ಅಳಿಯ ಹತ್ತು ನಿಮಿಷ ಅಡ್ಡಾಡಿ ಬಂದ. ಬೆನ್ನು ತನ್ನ ಖರೇ ಹೇಳಿತ್ತು, ಕೇಳಿಸಿಕೊಳ್ಳುವುದಷ್ಟೇ ಉಳಿದಿತ್ತು.

ಕೆಂಪು ಕಲ್ಲು, ನೀಲಿ ನೀರು

ಕುಳಗೇರಿ ಕ್ರಾಸಿನಲ್ಲಿ ಬಲಕ್ಕೆ ಒಂದು ದಾರಿ ಬಾದಾಮಿಗೆ ಹೋಗುತ್ತದೆ. ಅಲ್ಲಿಯ ಮೂರನೆಯ ಗುಹೆಯಲ್ಲಿ, ಕ್ರಿ.ಶ. 578ರಲ್ಲಿ ಮಂಗಳೇಶನು ಮಾಡಿಸಿದ, ಆದಿಶೇಷನ ಸುರುಳಿಯ ಮೇಲೆ ಕುಳಿತ ವಿಷ್ಣುವನ್ನು ನೋಡದವರು ಒಮ್ಮೆ ನೋಡಬೇಕು. ಕುಳಿತುಕೊಳ್ಳುವುದು ಎಂಬ ಕ್ರಿಯೆಗೆ ಅಷ್ಟು ಗಾಂಭೀರ್ಯ ಬರಬಹುದೆಂದು ಆ ಮೂರ್ತಿಯನ್ನು ನೋಡಿದವರಿಗೆ ತಿಳಿಯುತ್ತದೆ. ನಮಗೆ ಅಂದು ಸಮಯವಿರಲಿಲ್ಲ, ನೇರವಾಗಿ ಮುಂದುವರಿದೆವು. ಕಪ್ಪು ಮಣ್ಣು ಕ್ರಮೇಣ ಹಿಂದೆ ಸರಿದು ಕೆಂಪು ಕಲ್ಲಿನ ದಿಬ್ಬಗಳು ಇಣುಕುತ್ತವೆ. ಚಕ್ರದ ಕೆಳಗಿನ ನೆಲ ಗಟ್ಟಿಯಾದುದು ನಮ್ಮಿಬ್ಬರ ಬೆನ್ನಿಗೂ ಒಟ್ಟಿಗೇ ತಿಳಿಯಿತು. ಕೆರೂರಿನಲ್ಲಿ ಊಟ: ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಉಂಡು ಕೂಡಲೇ ಹೊರಡದೆ ಬೇವಿನ ಮರದ ಕೆಳಗೆ ಅರ್ಧ ಗಂಟೆ ಮಲಗಿ ಎದ್ದೆವು.

ಆನಗವಾಡಿಯಲ್ಲಿ ಘಟಪ್ರಭೆಯನ್ನು ದಾಟಿದ ಮೇಲೆ ಕೃಷ್ಣೆಯ ನಿರೀಕ್ಷೆ. ಕೊರ್ತಿ ಮತ್ತು ಕೋಲ್ಹಾರಗಳ ನಡುವಣ ಸೇತುವೆ ಸುಮಾರು 3 ಕಿಲೋಮೀಟರು ಉದ್ದ. ಆಲಮಟ್ಟಿ ಜಲಾಶಯದ ಹಿನ್ನೀರು ಎರಡೂ ಕಡೆ ಸಮುದ್ರದಂತೆ ಹರಡಿರುತ್ತದೆ. ಈ ನೀರಿನ ಕೆಳಗೆ ಹಳೆಯ ಹೊಲಗಳಿವೆ, ಮನೆಗಳ ಅಡಿಪಾಯಗಳಿವೆ. ಕೋಲ್ಹಾರವೂ ತನ್ನ ಹಳೆಯ ನೆಲೆಯನ್ನು ಬಿಟ್ಟು ಮೇಲೆ ಬಂದು ನೆಲೆಸಿದ ಊರು. ಸೇತುವೆಯ ಮೇಲೆ ಅಡ್ಡಗಾಳಿ ಬೀಸುತ್ತಿತ್ತು. ಬಯಲಿನಲ್ಲಿ ಎದೆಗೆ ಬಡಿದ ಗಾಳಿಗೆ ದಿಂಬು ಆಸರೆಯಾಗಿತ್ತು. ಪಕ್ಕದಿಂದ ಬರುವ ಗಾಳಿಗೆ ಅದು ಆಸರೆಯಲ್ಲ. ಅಳಿಯ ದಿಂಬನ್ನು ಬಿಟ್ಟು, ತೋಳುಗಳನ್ನು ಸಡಿಲಿಸಿ, ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿದು ನಿಧಾನವಾಗಿ ದಾಟಿಸಿದ. ಆಸರೆಯನ್ನು ಯಾವಾಗ ಬಿಡಬೇಕೆಂದು ಬಲ್ಲವನಿಗೇ ಅದರ ನಿಜವಾದ ಉಪಯೋಗ ತಿಳಿದಂತೆ.

ಆಚೆ ದಡದಲ್ಲಿ ಕೋಲ್ಹಾರದ ಪ್ರಸಿದ್ಧ ಗಡಿಗೆ ಮೊಸರು. ಗಡಿಗೆಯನ್ನು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ ಎಂದು ಮಾರುವವರು ಹೊಗಳುತ್ತಾರೆ. ನಾವು ಬೋರಲು ಹಾಕಿ ನೋಡದೆ ತಿಂದೆವು. ಅಲ್ಲಿ ಅಳಿಯ ಮೊದಲ ಸಲ ತಾನಾಗಿ ಬಾಯಿ ಬಿಟ್ಟ. "ಬ್ಯಾನಿ ಇಲ್ಲ ಅಂತ ಹೇಳಂಗಿಲ್ಲ ಮಾಮಾ. ಆದರ ದಿನಾ ನವಲಗುಂದಕ್ಕ ಬರೋ ಬ್ಯಾನಿ ಇವತ್ತು ಕೋಲ್ಹಾರಕ್ಕ ಬಂತು." ನೂರು ಕಿಲೋಮೀಟರಿಗೂ ಮಿಕ್ಕಿದ ಈ ಅಂತರವೇ ಆ ಸಣ್ಣ ದಿಂಬಿನ ಗಳಿಕೆ. ಗುಮ್ಮಟ ದೂರದಲ್ಲಿ ಕಾಣಿಸಿಕೊಂಡಾಗ ಹೊತ್ತು ಇಳಿದಿತ್ತು.

ಸಾಕ್ಷಿಯ ಮಾತು

ಊರಿಗೆ ಮರಳಿದ ಮೇಲೆ ಸೊಸೆಯ ಮುಂದೆ ಕಂಡುದನ್ನು ಕಂಡಂತೆಯೇ ಹೇಳಿದೆವು. ದಿಂಬು ನೋವನ್ನು ಕಳೆದಿಲ್ಲ, ದೂರಕ್ಕೆ ತಳ್ಳಿದೆ. ನೂರು ಕಿಲೋಮೀಟರಿನ ಕೆಲಸಕ್ಕೆ ಅದು ಸಾಕು, ಇನ್ನೂರಕ್ಕೆ ಸಾಲದು. ಇದನ್ನು ಕೇಳಿ ಮನೆಯವರು ಕೂಡಿ ಒಂದು ತೀರ್ಮಾನಕ್ಕೆ ಬಂದರು. ಗಾಡಿ ಉಳಿಯಲಿ, ಉದ್ಯೋಗವೂ ಉಳಿಯಲಿ. ನರಗುಂದದ ಆಚೆಯ ಊರುಗಳಿಗೆ ವಾರಕ್ಕೆರಡು ದಿನ ಬಸ್ಸಿನಲ್ಲಿ ಹೋಗಲಿ. ಗಾಡಿಯ ಮೇಲೆ ಹೋದ ದಿನ ಗಂಟೆಗೊಮ್ಮೆ ಇಳಿದು ಅಡ್ಡಾಡಲಿ. ವೈದ್ಯರು ಹೇಳಿದ ವ್ಯಾಯಾಮವನ್ನು ಬೆಳಗಿನ ಚಹಾಕ್ಕೆ ಮೊದಲೇ ಮಾಡಲಿ. ಈ ಕೊನೆಯ ಕರಾರನ್ನು ಸೊಸೆಯೇ ಹಾಕಿದಳು; ಚಹಾ ಅವಳ ಕೈಯಲ್ಲಿದೆಯಾಗಿ ಅದು ನಡೆಯುತ್ತಿದೆ.

ಓದುಗರಲ್ಲಿ ದಿನವೂ ದೂರ ಸವಾರಿ ಮಾಡುವವರು ಅನೇಕರಿದ್ದಾರೆ. ಅವರಿಗೆ ನಮ್ಮ ವಿಜ್ಞಾಪನೆ ಇಷ್ಟು. ಬೆನ್ನು ನೋಯುತ್ತಿದ್ದರೆ ಮೊದಲು ವೈದ್ಯರನ್ನು ಕಾಣಿರಿ. ಕಾಲಿಗೆ ಜೋಮು ಹಿಡಿಯುವುದು, ನೋವು ತೊಡೆಯಿಂದ ಕೆಳಗಿಳಿಯುವುದು ಇದ್ದರೆ ಒರಗುದಿಂಬನ್ನು ನಂಬಿ ಕೂಡಬೇಡಿರಿ. ದಿಂಬು ಹಾಕಿಸುವುದಾದರೆ ಮಡಿಸಬಹುದಾದುದನ್ನು, ಎತ್ತರ ಹೊಂದಿಸಬಹುದಾದುದನ್ನು, ಚೌಕಟ್ಟಿಗೆ ಭದ್ರವಾಗಿ ನಿಂತುದನ್ನು ಹಾಕಿಸಿರಿ. ಚಿತ್ರ ನೋಡಿ ಕೊಳ್ಳದೆ ನಿಮ್ಮ ಬೆನ್ನಿನ ಅಳತೆಗೆ ಹೊಲಿಸಿರಿ. ದಿನವೂ ತೊಡುವ ಉಡುಪಿನಲ್ಲಿಯೇ ಕುಳಿತು ನೋಡಿರಿ. ಬೋಲ್ಟುಗಳನ್ನು ತಿಂಗಳಿಗೊಮ್ಮೆ ಬಿಗಿ ಮಾಡಿರಿ.

ಇನ್ನೊಂದು ಮಾತು ಮನೆಮಂದಿಗೆ. ಪ್ರತಿಯೊಂದು ಸಂಸಾರದಲ್ಲಿಯೂ ಗಾಡಿ ನಡೆಸುವವರು ಒಬ್ಬಿಬ್ಬರಿರುತ್ತಾರೆ. ಹೊರಗೆ ದುಡಿಯುವವನಿರಬಹುದು, ಬೆಳಗಿನಿಂದ ಒಲೆಯ ಮುಂದೆ ನಿಂತ ತಾಯಿಯಿರಬಹುದು. ಉಳಿದವರೆಲ್ಲ ಅವರ ಹಿಂದೆ ನೆಮ್ಮದಿಯಾಗಿ ಕುಳಿತು ಸಾಗುತ್ತಿರುತ್ತಾರೆ; ಕುಳಿತವರಿಗೆ ಆಸರೆಯಿದೆಯೆ ಎಂದು ನೋಡುವ ನಾವು ಹೊತ್ತವರ ಬೆನ್ನನ್ನು ನೋಡುವುದಿಲ್ಲ. ಅವರಾಗಿ ಕೇಳುವವರಲ್ಲ. ಒಂದು ದಿನ ಅವರ ಹಿಂದೆ ಕುಳಿತು ಸುಮ್ಮನೆ ನೋಡಿರಿ. ಕೈ ಎಲ್ಲಿ ಟೊಂಕಕ್ಕೆ ಹೋಗುತ್ತದೆ ಎಂಬುದು ಕಂಡೀತು. ದಿಂಬನ್ನು ಎಲ್ಲಿ ಇಡಬೇಕೆಂಬುದು ಆಗ ತಾನಾಗಿ ತಿಳಿಯುತ್ತದೆ.